ಟಯರ್ ಒತ್ತುವ ಟ್ರೈನರೋ, ಚಕ್ರ ಬಿಚ್ಚುವ ಟ್ರೈನರೋ?

ಸೈಕಲ್ಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ಅದಕ್ಕೆ ಜೋಡಿಸುವ ಸಾಧನವೇ ಟ್ರೈನರ್. ವೀಲ್-ಆನ್ ಟ್ರೈನರ್‌ನಲ್ಲಿ ಹಿಂದಿನ ಟಯರ್ ರೋಲರ್‌ಗೆ ಒತ್ತಿಕೊಂಡು ತಿರುಗುತ್ತದೆ. ಬೆಲೆ ಕಡಿಮೆ. ಆದರೆ ಗಾಳಿ ಇಳಿದರೆ ತುಳಿತದ ಬಲ ತೋರಿಸುವ ವ್ಯಾಟ್ ಲೆಕ್ಕ ತಪ್ಪುತ್ತದೆ. ಎರಡು ವಾರ ಗಾಳಿ ನೋಡದೆ ತುಳಿದು, ಕಾಲಲ್ಲಿ ಬಲವೇ ಹೋಯ್ತು ಅಂತ ಸುಮ್ನೆ ಕೊರಗಿದ್ದೆ! ಟಯರ್ ಬೇರೆ ಸವೆದು ನೆಲದ ಮೇಲೆಲ್ಲ ಕಪ್ಪು ಪುಡಿ.

ಡೈರೆಕ್ಟ್ ಡ್ರೈವ್‌ನಲ್ಲಿ ಹಿಂದಿನ ಚಕ್ರ ಬಿಚ್ಚಿ, ಚೈನನ್ನು ಟ್ರೈನರಿನ ಕ್ಯಾಸೆಟ್‌ಗೇ (ಗೇರಿನ ಹಲ್ಲುಚಕ್ರಗಳ ಗೊಂಚಲಿಗೇ) ಹಾಕಬೇಕು. ದುಬಾರಿ, ಭಾರವೂ ಜಾಸ್ತಿ. ಆದರೆ ಸದ್ದು ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ 5ಕ್ಕೆ ತುಳಿಯುವವರಿಗೆ ಇದೇ ಸರಿ. ಪರದೆಯ ಮೇಲಿನ ರಸ್ತೆಗಳಲ್ಲಿ ಸೈಕಲ್ ತುಳಿಸುವ ಜ್ವಿಫ್ಟ್ ಆ್ಯಪ್‌ನಲ್ಲಿ 21 ತಿರುವುಗಳ ಆಲ್ಪ್ ದು ಜ್ವಿಫ್ಟ್ ಬೆಟ್ಟ ಹತ್ತುವಾಗ ಏರು ನಿಜ ಅನ್ನಿಸುವುದೂ ಇದರಲ್ಲೇ.

ಜ್ವಿಫ್ಟ್‌ಗೆ ತಿಂಗಳ ಚಂದಾ ಇದೆ, ಅಂಥದ್ದೇ ಇನ್ನೊಂದು ಆ್ಯಪ್ ಮೈವೂಶ್ ಪುಕ್ಕಟೆ.

ವಾರಕ್ಕೆ ಮೂರು ದಿನ ತುಳಿಯುವುದಾದರೆ ಡೈರೆಕ್ಟ್ ಡ್ರೈವ್. ಮಳೆಗಾಲಕ್ಕೆ ಮಾತ್ರ ಅಂದ್ರೆ ವೀಲ್-ಆನ್ ಸಾಕು. ಉಳಿದ ದುಡ್ಡಲ್ಲಿ ಒಳ್ಳೆ ಫ್ಯಾನ್ ತಗೊಳ್ಳಿ.