ನೀರು ಯಾವಾಗ ಬರುತ್ತೆ ಮೇಡಂ? ಆರೋಗ್ಯ ನಿರೀಕ್ಷಕಿಯೊಬ್ಬಳು ಕಂಡ ಆನ್‌ಲೈನ್ ತರಬೇತಿ

"ಡ್ರಮ್ ಖಾಲಿ ಮಾಡಿ ಅಂತೀರಲ್ಲ ಮೇಡಂ, ನಲ್ಲೀಲಿ ಮತ್ತೆ ನೀರು ಯಾವಾಗ ಬರುತ್ತೆ ಅಂತ ಹೇಳ್ತೀರಾ?"

2024ರ ಜುಲೈನಲ್ಲಿ ಬೆಂಗಳೂರು ದಕ್ಷಿಣದ ಒಂದು ವಠಾರದಲ್ಲಿ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಹೀಗೆ ಕೇಳಿದರು. ಅವರ ಸೊಸೆ ಡೆಂಗಿ ಜ್ವರದಿಂದ ಆಸ್ಪತ್ರೆ ಸೇರಿದ್ದಳು. ನಾನು ಹಿರಿಯ ಆರೋಗ್ಯ ನಿರೀಕ್ಷಕಿ, 19 ವರ್ಷ ಸೇವೆಯಾಗಿದೆ. ನನ್ನಲ್ಲಿ ಉತ್ತರ ಇರಲಿಲ್ಲ. ನೀರು ನಮ್ಮ ಇಲಾಖೆಯದಲ್ಲ ಅಂದುಕೊಂಡು, ಡ್ರಮ್ಮಿನ ನೀರಿಗೆ ಸೊಳ್ಳೆಮರಿ ಸಾಯಿಸುವ ಲಾರ್ವಾನಾಶಕ ಹಾಕಿಸಿ ಪಕ್ಕದ ಮನೆಗೆ ಹೋದೆ.

ಸಾರ್ವಜನಿಕ ಅಧಿಕಾರಿಗಳಿಗೆಂದು ನಡೆಸುವ ಆರೋಗ್ಯ ಮತ್ತು ಸುಸ್ಥಿರ ಅಭಿವೃದ್ಧಿಯ ಆನ್‌ಲೈನ್ ತರಬೇತಿಗೆ ನಾನು ಸೇರಿದ್ದು ಆಮೇಲೆ. ಮೇಲಧಿಕಾರಿ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದ್ದರು, ಶುಲ್ಕ ಇರಲಿಲ್ಲ. 6 ವಾರದ ಕೋರ್ಸು, ವಾರಕ್ಕೆ ಸುಮಾರು 4 ಗಂಟೆ ಕೆಲಸ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಫೋನಿನಲ್ಲೇ ಪಾಠ ಕೇಳುತ್ತಿದ್ದೆ.

ಮೊದಲ ವಾರ ಸಪ್ಪೆ. 2015ರಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳು ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿಯ 17 ಗುರಿಗಳು, 169 ಉಪಗುರಿಗಳು, 2030ರ ಗಡುವು. ಆರೋಗ್ಯ ಮೂರನೆಯದು, ನೀರು ಆರನೆಯದು, ನಗರಗಳು ಹನ್ನೊಂದನೆಯದು ಅಂತ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಗುರುತು ಹಾಕಿದರೆ ಅಂಕ ಸಿಗುತ್ತದೆ. ಇದರಿಂದ ಯಾರ ಕೆಲಸವೂ ಬದಲಾಗದು. ಎರಡನೇ ವಾರವೂ ಹೆಚ್ಚುಕಡಿಮೆ ಹಾಗೆಯೇ.

ಮೂರನೇ ವಾರಕ್ಕಾಗಿಯೇ ನಾನು ಇದನ್ನು ಬರೆಯುತ್ತಿದ್ದೇನೆ. ಆರೋಗ್ಯ ಎಂಬುದು ಆರೋಗ್ಯ ಇಲಾಖೆಯೊಳಗೆ ಮಾತ್ರ ಹುಟ್ಟುವುದಿಲ್ಲ, ರಸ್ತೆ, ನೀರು, ಶಾಲೆ, ವಸತಿ ಎಲ್ಲ ಇಲಾಖೆಯ ತೀರ್ಮಾನಗಳಲ್ಲೂ ಇರುತ್ತದೆ ಎಂಬುದು ಪಾಠ. 2013ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದ ಮುಖ್ಯ ವಿಷಯವೇ ಇದಾಗಿತ್ತಂತೆ. ಅಭ್ಯಾಸ ಮಾತ್ರ ತುಂಬ ಸರಳ: ನಿಮ್ಮ ಪ್ರದೇಶದ ಒಂದು ಕಾಯಿಲೆ ತೆಗೆದುಕೊಳ್ಳಿ, ಇನ್ನೊಂದು ಇಲಾಖೆಯ ಕಡತ ಸಿಗುವವರೆಗೂ "ಯಾಕೆ" ಅಂತ ಕೇಳುತ್ತಾ ಹೋಗಿ.

ಮಗನ ರಫ್ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಡೆಂಗಿ ಯಾಕೆ? ಡ್ರಮ್ಮಿನಲ್ಲಿ ನೀರು ವಾರಗಟ್ಟಲೆ ನಿಂತಿದೆ. ಡ್ರಮ್ ಯಾಕೆ? ಆ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯ ಕೊಳವೆಬಾವಿಗಳು ಬತ್ತಿದ್ದವು. ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದ ಜನ ಸಾಲ ಮಾಡಿಯಾದರೂ 200 ಲೀಟರಿನ ನೀಲಿ ಡ್ರಮ್ ತಂದಿಟ್ಟುಕೊಂಡರು. ಮಳೆ ಬಂದ ಮೇಲೆ ಯಾಕೆ ತೆಗೆಯಲಿಲ್ಲ? ನಲ್ಲಿಯ ಮೇಲೆ ನಂಬಿಕೆ ಬರಲಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ತಿಳಿನೀರನ್ನೇ ಹುಡುಕುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು, ಡ್ರಮ್ಮಿನ ಒಳಗೋಡೆಗೆ ಅಂಟಿದ ಮೊಟ್ಟೆ ನೀರು ಆರಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಮಾರ್ಚಿನ ನೀರಿನ ಬರವೇ ಜುಲೈನಲ್ಲಿ ಜ್ವರವಾಗಿ ಮನೆಯೊಳಗೆ ಬಂತು ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡದ ನಿಯಮ ತಂದಿತಲ್ಲ, ಅದನ್ನು ಮನೆಮನೆಗೆ ಹೋಗಿ ತಿಳಿಸುವಾಗಲೂ ಹೊಳೆದಿರಲಿಲ್ಲ. ನೋಟ್‌ಬುಕ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ತಾಯಿಗೆ ಉತ್ತರ ಕೊಡದೆ ಬಂದದ್ದು ಈಗಲೂ ನೋಯುತ್ತದೆ.

ಕೊನೆಯ ವಾರದ ಬರಹಕ್ಕೆ ಎರಡು ಬೀದಿ ಸುತ್ತಿದೆ. ನೀರು ಬರುವ ದಿನ ಖಚಿತವಾಗಿ ಗೊತ್ತಿದ್ದ ಬೀದಿಯಲ್ಲಿ ಡ್ರಮ್ ಕಡಿಮೆ, ಇದ್ದವನ್ನೂ ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಉಜ್ಜಿ ತೊಳೆಯುತ್ತಿದ್ದರು. ಗೊತ್ತಿಲ್ಲದ ಬೀದಿಯಲ್ಲಿ ಒಬ್ಬರೂ ಒಂದು ಡ್ರಮ್ಮನ್ನೂ ಖಾಲಿ ಮಾಡಿರಲಿಲ್ಲ. ಎರಡೇ ಬೀದಿ, ಇದರಿಂದ ಊರಿಗೆಲ್ಲ ಲೆಕ್ಕ ಹಾಕಲಾಗದು. ಆದರೂ ಅದನ್ನು ಹಿಡಿದುಕೊಂಡು ನೀರು ಪೂರೈಕೆಯ ಎಂಜಿನಿಯರ್ ಬಳಿ ಹೋದೆ. ಅವರು ಕೂರಿಸಿ ಕೇಳಿದರು, ನೀರು ಬಿಡುವ ದಿನ, ಹೊತ್ತು ಬರೆದುಕೊಟ್ಟರು. ಅದೀಗ ವಠಾರದ ಗೋಡೆಯ ಮೇಲೆ ಬಣ್ಣದಲ್ಲಿದೆ.

ಕೊರತೆಗಳನ್ನೂ ಹೇಳಬೇಕು. ಪಾಠವೆಲ್ಲ ಇಂಗ್ಲಿಷು. ಕನ್ನಡ ಅಡಿಬರಹ ಇದೆ, ಆದರೆ ಯಂತ್ರದ ಅನುವಾದ. ಇಂಗ್ಲಿಷಿನ "ವೆಕ್ಟರ್"ಗೆ ರೋಗವಾಹಕ ಎನ್ನಬೇಕಾದ ಕಡೆಯೆಲ್ಲ "ಸದಿಶ" ಅಂತ ಗಣಿತದ ಪದ ಬರುತ್ತದೆ. ಒಬ್ಬ ಕನ್ನಡದ ವೈದ್ಯರಿಗೆ ಒಂದು ವಾರ ಕೊಟ್ಟಿದ್ದರೆ ಸರಿಮಾಡಿಕೊಡುತ್ತಿದ್ದರು. ನೇರ ಚರ್ಚೆ ಬೆಳಿಗ್ಗೆ 11ಕ್ಕೆ. ನಮ್ಮಂಥವರು ಆಗ ಬೀದಿಯಲ್ಲಿರುತ್ತೇವೆ, ಹಾಗಾಗಿ ನಾಲ್ಕರಲ್ಲಿ ಮೂರು ನನಗೆ ತಪ್ಪಿದವು. ಫಿನ್ಲೆಂಡಿನ ನಾರ್ತ್ ಕರೇಲಿಯಾದಲ್ಲಿ 1972ರಿಂದ ಜನರ ಊಟದ ಅಭ್ಯಾಸ ಬದಲಿಸಿ ಹೃದಯಾಘಾತ ತಗ್ಗಿಸಿದ ಕಥೆ ಚೆನ್ನಾಗಿದೆ, ಇಷ್ಟಪಟ್ಟು ಎರಡು ಸಲ ನೋಡಿದೆ. ಆದರೆ ನಮ್ಮ ದೇಶದ ಉದಾಹರಣೆ ಎರಡು ಕೂಡ ಇಲ್ಲ. ಸುಮಾರು 100 ಕಿ.ಮೀ. ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲೆತ್ತಿ ತರುವ ಊರಿಗಿಂತ ಒಳ್ಳೆಯ ಉದಾಹರಣೆ ಇನ್ನೇನು ಬೇಕಿತ್ತು?

ನನಗೆ ನಿಜವಾಗಿ ಸಿಟ್ಟು ಬಂದದ್ದು ಪ್ರವೇಶದ ನಿಯಮಕ್ಕೆ. ಸರ್ಕಾರಿ ಇಮೇಲ್ ಇದ್ದವರಿಗೆ ಮಾತ್ರ ಅವಕಾಶ. ದಿನಾ ಬಿಸಿಲಲ್ಲಿ ನಡೆದು, ಪ್ರತಿ ಮನೆಯ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವ ನಮ್ಮ ಆಶಾ ಕಾರ್ಯಕರ್ತೆಯರಿಗೆ ಅದಿಲ್ಲ. ಮೂರನೇ ವಾರದ ಪಾಠ ಮೊದಲು ಸಿಗಬೇಕಾದದ್ದು ಅವರಿಗೆ. ಆಯೋಜಕರಿಗೆ ಎರಡು ಸಲ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ ಆ ಅಭ್ಯಾಸವನ್ನು ನಾನೇ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ನಮ್ಮ ಒಂಬತ್ತು ಮಂದಿಗೆ ಶನಿವಾರ ಸಂಜೆ ಮಾಡಿಸುತ್ತಿದ್ದೇನೆ.

ಸೇರುವವರು ಒಬ್ಬರೇ ಸೇರಬೇಡಿ, ಬೇರೆ ಇಲಾಖೆಯ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನಮ್ಮ ಎಂಜಿನಿಯರ್ ಮುಂದಿನ ತಂಡಕ್ಕೆ ಹೆಸರು ಕೊಟ್ಟಿದ್ದಾರೆ. ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಫೋನ್ ಸಾಕು. ಕೊನೆಯ ಬರಹ ಸಲ್ಲಿಸಲು ಮಾತ್ರ ಕಂಪ್ಯೂಟರ್ ಬೇಕಾಗುತ್ತದೆ.