ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ ಲಿಕ್ವಿಡ್ ಮೆಟಲ್ ಹಚ್ಚಲು ಬಿಡಬೇಡಿ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್ ಬಹಳ ಬಿಸಿಯಾಗುತ್ತಿದೆಯೆಂದು ರಿಪೇರಿ ಅಂಗಡಿಗೆ ಒಯ್ಯುವವರು, ಅಲ್ಲಿ ಪ್ರೊಸೆಸರ್ ಮತ್ತು ಅದರ ಮೇಲಿನ ಹೀಟ್‌ಸಿಂಕ್ (ಶಾಖ ಹೀರಿ ಹೊರಬಿಡುವ ಲೋಹದ ಭಾಗ) ನಡುವೆ ಯಾವ ಪೇಸ್ಟ್ ಹಚ್ಚುತ್ತಾರೆಂಬುದನ್ನು ಟ್ಯೂಬಿನ ಮೇಲಿನ ಬರಹ ಓದಿ ತಿಳಿದುಕೊಂಡ ಮೇಲೆಯೇ ಕೆಲಸಕ್ಕೆ ಒಪ್ಪಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಬೇಸಿಗೆಯಲ್ಲಿ ವಿಜಯಪುರದ ಒಂದು ಅಂಗಡಿಯವರು ನನಗೆ ತಿಳಿಸದೆ, ಪೇಸ್ಟ್ ಬದಲು ದ್ರವರೂಪದ ಲೋಹವಾದ ಲಿಕ್ವಿಡ್ ಮೆಟಲ್ ಹಚ್ಚಿಕೊಟ್ಟಿದ್ದರಿಂದ, ನನ್ನ ಡಿಟಿಪಿ ಕೆಲಸದ ಕಂಪ್ಯೂಟರಿನ ಹೀಟ್‌ಸಿಂಕ್ ಮತ್ತು ಮದರ್‌ಬೋರ್ಡ್ ಎರಡೂ ಹಾಳಾದವು.

ನಾನು ಹೇಳಿದ್ದು ಧೂಳು ತೆಗೆದು ಹಳೆಯ ಥರ್ಮಲ್ ಪೇಸ್ಟ್ ಬದಲಿಸಿಕೊಡಿ ಎಂದಷ್ಟೇ. ಮರಳಿ ಪಡೆಯುವಾಗ ಪರದೆಯ ಮೇಲೆ ಉಷ್ಣಾಂಶ ಮೊದಲಿಗಿಂತ ಬಹಳ ಇಳಿದಿರುವುದನ್ನು ತೋರಿಸಿ, ಪರದೇಶದ ಉತ್ತಮ ಪೇಸ್ಟ್ ಎಂದು ಹೆಚ್ಚಿನ ಹಣವನ್ನೂ ಪಡೆದರು. ಕೆಲವು ವಾರ ಯಂತ್ರ ಚೆನ್ನಾಗಿಯೇ ನಡೆಯಿತು. ಅನಂತರ ಉಷ್ಣಾಂಶ ದಿನದಿಂದ ದಿನಕ್ಕೆ ಏರುತ್ತ ಹೋಗಿ ಹಳೆಯ ಮಟ್ಟವನ್ನೂ ದಾಟಿತು. ಪುಟ ವಿನ್ಯಾಸದ ನಡುವೆಯೇ ಯಂತ್ರ ತಾನಾಗಿ ಬಂದ್ ಆಗತೊಡಗಿ, ಕೊನೆಗೆ ಚಾಲೂ ಆಗುವುದನ್ನೇ ನಿಲ್ಲಿಸಿತು. ಪರಿಚಯದ ಇನ್ನೊಬ್ಬ ತಂತ್ರಜ್ಞರು ಬಿಚ್ಚಿ ನೋಡಿದಾಗ, ಹೀಟ್‌ಸಿಂಕ್‌ನ ತಳ ಕಪ್ಪು ಬೂದು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಉಜ್ಜಿದರೆ ಹಳೆಯ ಸುಣ್ಣದ ಗೋಡೆಯಂತೆ ಉದುರುತ್ತಿತ್ತು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಕೆಳಗಿನ ಸಣ್ಣ ಬಿಡಿಭಾಗಗಳ ಮೇಲೆ ಬೆಳ್ಳಿಯ ಬಣ್ಣದ ಹನಿಗಳು ಕೂತಿದ್ದವು. ಮೊದಲ ಅಂಗಡಿಯವರು ಮಾತ್ರ ಇದೆಲ್ಲ ನಮ್ಮೂರಿನ ಬಿಸಿಲಿನಿಂದ ಆದದ್ದೆಂದು ವಾದಿಸಿದರು. ಬಿಸಿಲಿಗೆ ಅಲ್ಯೂಮಿನಿಯಂ ಉದುರುವುದಿಲ್ಲ.

ಲಿಕ್ವಿಡ್ ಮೆಟಲ್ ಎಂಬುದು ಮುಖ್ಯವಾಗಿ ಗ್ಯಾಲಿಯಂ ಲೋಹವನ್ನು ಇಂಡಿಯಂ ಮತ್ತು ತವರದೊಂದಿಗೆ ಬೆರೆಸಿದ ಮಿಶ್ರಲೋಹ. ಶುದ್ಧ ಗ್ಯಾಲಿಯಂ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಈ ಮಿಶ್ರಣವಂತೂ ಕೋಣೆಯ ಉಷ್ಣಾಂಶದಲ್ಲೇ ದ್ರವವಾಗಿರುತ್ತದೆ. ಸಾಮಾನ್ಯ ಪೇಸ್ಟ್‌ಗಿಂತ ಇದು ಶಾಖವನ್ನು ಬಹಳ ಚೆನ್ನಾಗಿ ಸಾಗಿಸುತ್ತದೆ ಎಂಬುದು ನಿಜ. ಆದ್ದರಿಂದಲೇ ಮೊದಲ ದಿನಗಳ ಅಂಕಿಗಳು ಅಷ್ಟು ಆಕರ್ಷಕವಾಗಿರುತ್ತವೆ. ಆದರೆ ಅಲ್ಯೂಮಿನಿಯಂನ ಮೇಲಿರುವ ತೆಳುವಾದ ಆಕ್ಸೈಡ್ ಪದರದಲ್ಲಿ ಒಂದು ಗೀರು ಸಿಕ್ಕರೂ ಸಾಕು, ಗ್ಯಾಲಿಯಂ ಅದರೊಳಗೆ ನುಸುಳಿ ಲೋಹದ ಕಣಗಳ ನಡುವಿನ ಬಂಧವನ್ನು ಸಡಿಲಿಸುತ್ತದೆ. ವಿಮಾನಗಳ ದೇಹ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿರುವುದರಿಂದ, ಅಲ್ಲಿ ಗ್ಯಾಲಿಯಂ ಸಾಗಾಟಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಮೇಲಾಗಿ ಇದು ವಿದ್ಯುತ್ತನ್ನು ಹರಿಸುತ್ತದೆ. ಕ್ಯಾಬಿನೆಟ್ ನೆಟ್ಟಗೆ ನಿಂತಾಗ ಮದರ್‌ಬೋರ್ಡ್ ಕೂಡ ನೆಟ್ಟಗಿರುವುದರಿಂದ, ಹೆಚ್ಚಾಗಿ ಹಚ್ಚಿದ ದ್ರವ ಕೆಳಗೆ ಜಾರಿ ಬಿಡಿಭಾಗಗಳ ನಡುವೆ ಶಾರ್ಟ್ ಮಾಡುತ್ತದೆ. ಪ್ರೊಸೆಸರ್ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ಇದು ಅಳಿಸಬಲ್ಲದು, ಆಗ ವಾರಂಟಿ ಕೇಳುವುದೂ ಕಷ್ಟವಾಗುತ್ತದೆ. ನಿಕಲ್ ಲೇಪನವಿರುವ ತಾಮ್ರದ ತಳಕ್ಕೆ, ಅನುಭವಿ ಕೈ, ಅತಿ ತೆಳುವಾಗಿ ಹಚ್ಚಿದರೆ ಇದನ್ನು ಬಳಸಬಹುದು. ಆದರೆ ಪ್ರೊಸೆಸರ್ ಡಬ್ಬಿಯೊಂದಿಗೆ ಬರುವ ಕೂಲರ್‌ಗಳ (ಫ್ಯಾನ್ ಸಹಿತ ಹೀಟ್‌ಸಿಂಕ್‌ಗಳ) ಪೈಕಿ ಅನೇಕವು ಪೂರ್ತಿ ಅಲ್ಯೂಮಿನಿಯಂ. ನಡುವೆ ತಾಮ್ರದ ತುಂಡಿರುವ ಮಾದರಿಗಳಲ್ಲೂ ಸುತ್ತಲಿರುವುದು ಅಲ್ಯೂಮಿನಿಯಮ್ಮೇ.

ಇಂಥ ದುಬಾರಿ ಉಪಾಯಕ್ಕೆ ನಮ್ಮ ಜಿಲ್ಲೆಯ ಜನ ಸುಲಭವಾಗಿ ಒಪ್ಪಲು ಕಾರಣ ಬೇಸಿಗೆಯ ಅಂಕಿಗಳು ಹುಟ್ಟಿಸುವ ಗಾಬರಿ. ಗಾಳಿಯ ಕೂಲರ್ ಆಗಲಿ, ನೀರು ಸುತ್ತುವ ಕೂಲರ್ ಆಗಲಿ, ಪ್ರೊಸೆಸರನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಕೋಣೆ 22 ಡಿಗ್ರಿ ಇದ್ದಾಗ 68 ತೋರಿಸುವ ಯಂತ್ರ, ಮೇ ತಿಂಗಳಲ್ಲಿ ಕೋಣೆ 38 ಆದಾಗ ಅದೇ ಕೆಲಸಕ್ಕೆ ಸುಮಾರು 84 ತೋರಿಸುವುದು ಸಹಜ. ಅದು ಕೆಟ್ಟಿದೆಯೆಂದು ಅರ್ಥವಲ್ಲ. ಇಂಟೆಲ್‌ನ 12ರಿಂದ 14ನೆಯ ತಲೆಮಾರಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ, ಎಎಂಡಿ ರೈಜನ್ 7000 ಸರಣಿಯ ಹಲವದರದು 95. ಆ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ನಿಜವಾಗಿ ನೋಡಬೇಕಾದ್ದು ಬೇರೆ. ಎರೆ ಮಣ್ಣಿನ ನುಣ್ಣನೆಯ ಧೂಳು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಾಗಿ ಕೂತಿರುತ್ತದೆ. ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ಊದಿದರೆ ಅದು ಹೋಗುತ್ತದೆ. ಇಂಟೆಲ್ ಕೂಲರನ್ನು ಮದರ್‌ಬೋರ್ಡ್‌ಗೆ ಬಿಗಿಯುವ ನಾಲ್ಕು ಪಿನ್ನುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಉಷ್ಣಾಂಶ ಏರುತ್ತದೆ. ವಿದ್ಯುತ್ ಹರಿಸದ ಸಾಧಾರಣ ಪೇಸ್ಟ್ ಸಾಕು. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಕೆಲವು ಮದರ್‌ಬೋರ್ಡ್‌ಗಳು ಪ್ರೊಸೆಸರ್ ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು ತಾವಾಗಿ ಏರಿಸಿಟ್ಟಿರುತ್ತವೆ. ಅದನ್ನು ತಯಾರಕರು ಹೇಳಿದ ಮಟ್ಟಕ್ಕೆ ಇಳಿಸುವುದು ನನ್ನ ಅಭಿಪ್ರಾಯದಲ್ಲಿ ಯಾವ ಪೇಸ್ಟ್‌ಗಿಂತಲೂ ಹೆಚ್ಚು ಫಲ ಕೊಡುತ್ತದೆ. ಕೋಣೆ ತಂಪಾಗಿಸಲು ಇಡುವ, ನೀರು ತುಂಬುವ ಏರ್ ಕೂಲರ್‌ನ ಗಾಳಿಗೆ ಕ್ಯಾಬಿನೆಟ್ಟನ್ನು ನೇರವಾಗಿ ಒಡ್ಡಬೇಡಿ, ಆ ತೇವ ಒಳ್ಳೆಯದಲ್ಲ.

ಈಗಾಗಲೇ ನಿಮ್ಮ ಯಂತ್ರಕ್ಕೆ ಲಿಕ್ವಿಡ್ ಮೆಟಲ್ ಹಚ್ಚಿದ್ದಾರೆಂಬ ಅನುಮಾನವಿದ್ದರೆ, ವಿದ್ಯುತ್ ಸಂಪರ್ಕ ತೆಗೆದು, ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ, ಅನುಭವಿಗಳಿಂದ ಬಿಚ್ಚಿಸಿ. ಹನಿಗಳನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಎತ್ತಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಲಿಕ್ವಿಡ್ ಮೆಟಲ್ ತಗುಲಿದ ಅಲ್ಯೂಮಿನಿಯಂ ಹೀಟ್‌ಸಿಂಕನ್ನು, ಮೇಲ್ನೋಟಕ್ಕೆ ಎಷ್ಟೇ ಚೆನ್ನಾಗಿ ಕಂಡರೂ, ಮತ್ತೆ ಜೋಡಿಸಲು ಬಿಡಬೇಡಿ.