ಎರಡು ರಕ್ತದ ಕ್ಯಾನ್ಸರ್ ಒಟ್ಟಿಗೆ ಬರಲ್ವಂತೆ! ಈ ಆನ್‌ಲೈನ್ 'ತಜ್ಞರ' ಬಗ್ಗೆ ಎಚ್ಚರ

ಆನ್‌ಲೈನ್‌ನಲ್ಲಿ ಸೆಕೆಂಡ್ ಒಪಿನಿಯನ್ ಕೊಡುತ್ತೇವೆ ಅನ್ನುವವರಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಅಪ್ಪನಿಗೆ ಮೊದಲಿಂದ ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಅನ್ನುವ ರಕ್ತದ ಕ್ಯಾನ್ಸರ್) ಇತ್ತು. ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್, ಔಷಧಿ ಇಲ್ಲದೆ ಬರೀ ರಕ್ತ ಪರೀಕ್ಷೆ ಮಾಡಿಸುತ್ತಾ ಇದ್ದೆವು. ಆಮೇಲೆ ಬೆನ್ನು ನೋವು ಶುರುವಾಯಿತು, ಹಿಮೋಗ್ಲೋಬಿನ್ ಇಳಿಯಿತು, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತು. ಬೋನ್ ಮ್ಯಾರೋ (ಮೂಳೆ ಮಜ್ಜೆ) ಪರೀಕ್ಷೆ ಮಾಡಿಸಿದರೆ ಜೊತೆಗೆ ಮಲ್ಟಿಪಲ್ ಮೈಲೋಮಾನೂ, ಅಂದರೆ ಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಕೂಡ ಇದೆ ಅಂತ ಬಂತು. ಒಬ್ಬರಿಗೇ ಎರಡಾ? ಯಾರಿಗಾದರೂ ಅನುಮಾನ ಬರುತ್ತೆ ಅಲ್ವಾ? ಅದಕ್ಕೇ ಈ ಆನ್‌ಲೈನ್‌ನವರನ್ನು ಹಿಡಿದಿದ್ದು. "ರಕ್ತದ ಕ್ಯಾನ್ಸರ್ ತಜ್ಞರು ಪ್ರತಿ ಪುಟ ಓದುತ್ತಾರೆ ಸರ್" ಅಂತ ಪೂರ್ತಿ ಹಣ ಮೊದಲೇ ಕಟ್ಟಿಸಿಕೊಂಡರು.

ಬಂದ ವರದಿ ನೋಡಿ. "ಎರಡು ರಕ್ತದ ಕ್ಯಾನ್ಸರ್ ಒಟ್ಟಿಗೆ ಬರುವುದಿಲ್ಲ. ಎಲ್ಲವೂ ಸಿಎಲ್‌ಎಲ್‌ನಿಂದಲೇ. ಮೈಲೋಮಾ ಇಂಜೆಕ್ಷನ್ ಅಗತ್ಯವಿಲ್ಲ." ಅದರ ಕೆಳಗೆ, "ಈ ಮಹಿಳೆಗೆ ವಿಶ್ರಾಂತಿ ಬೇಕು." ಮಹಿಳೆ! ಮೇಲೆ ಅಪ್ಪನ ಹೆಸರು, ಒಳಗೆ ಮಹಿಳೆ. ಯಾರದೋ ವರದಿಗೆ ಹೆಸರು ಬದಲಾಯಿಸಿ ಕಳಿಸಿದ್ದಾರೆ, ಪ್ರತಿ ಪುಟ ಓದುವವರು!

ನಾವು ಕಳಿಸಿದ ಫ್ಲೋ ಸೈಟೋಮೆಟ್ರಿ (ಕೋಶಗಳು ಯಾವ ಬಗೆಯವು ಅಂತ ಗುರುತಿಸುವ ಪರೀಕ್ಷೆ) ವರದಿಯಲ್ಲೇ ಉತ್ತರ ಇತ್ತು. ಸಿಎಲ್‌ಎಲ್ ಕೋಶಗಳು, ಅಂದರೆ ಸಿಡಿ5, ಸಿಡಿ23 ಅನ್ನುವ ಗುರುತಿನ ಪ್ರೋಟೀನ್ ಇರುವವು, 'ಕಪ್ಪಾ' ಅನ್ನುವ ಪ್ರೋಟೀನ್ ಬಗೆಯವು. ಸಿಡಿ138 ಇರುವ ಪ್ಲಾಸ್ಮಾ ಕೋಶಗಳು, ಅಂದರೆ ಮೈಲೋಮಾದವು, 'ಲ್ಯಾಂಬ್ಡಾ' ಅನ್ನುವ ಇನ್ನೊಂದು ಬಗೆಯವು. ಒಂದೇ ಕೋಶದಿಂದ ಬೆಳೆದಿದ್ದರೆ ಸಾಮಾನ್ಯವಾಗಿ ಎರಡೂ ಒಂದೇ ಬಗೆ ಇರುತ್ತಿದ್ದವು. ಹಾಗಾಗಿ ಇವು ಬೇರೆ ಬೇರೆ ಹುಟ್ಟಿದ ಎರಡು ರೋಗ ಅಂತ ನಮ್ಮ ಡಾಕ್ಟರ್ ಆ ಎರಡು ಸಾಲಿಗೆ ಪೆನ್ನಲ್ಲಿ ಗೀಟು ಹಾಕಿ ತೋರಿಸಿದ್ದರು. ಅಪರೂಪ, ಆದರೆ ಆಗುತ್ತೆ. ಆ ಗೀಟು ಸಮೇತ ಸ್ಕ್ಯಾನ್ ಕಳಿಸಿದ್ದೆ!

ಕೇಳಿದೆ. "ನಮ್ಮ ಪ್ಯಾನೆಲ್ ಪರಿಶೀಲಿಸಿದೆ ಸರ್." ಯಾವ ಡಾಕ್ಟರ್? "ಗೌಪ್ಯತೆ ಇದೆ ಸರ್." ಮಹಿಳೆ ಯಾಕೆ? "ಟೈಪಿಂಗ್ ತಪ್ಪು ಸರ್." ತಿದ್ದಿದ ವರದಿ ಬಂತು, ಮಹಿಳೆ ಹೋಗಿ ಪುರುಷ ಆಗಿತ್ತು, ಉಳಿದದ್ದೆಲ್ಲ ಹಾಗೇ! ಹಣ ವಾಪಸ್ ಕೇಳಿದರೆ, "ವರದಿ ಡೌನ್‌ಲೋಡ್ ಆದ ಮೇಲೆ ಇಲ್ಲ ಸರ್." ಸರ್ ಅಂತೆ ಸರ್.

ದುಡ್ಡು ಹಾಳಾಗಲಿ. ಅಪ್ಪ ಆ ಹಾಳೆ ಹಿಡಿದುಕೊಂಡು ಇಂಜೆಕ್ಷನ್ ಬೇಡವೇ ಬೇಡ ಅಂತ ಕೂತುಬಿಟ್ಟರು. ಕಿಡ್ನಿ ಕೆಡುತ್ತಾ ಇದೆ, ಇವರನ್ನು ಒಪ್ಪಿಸಬೇಕು! ಕೊನೆಗೆ ಬೋನ್ ಮ್ಯಾರೋ ಸ್ಲೈಡ್‌ಗಳನ್ನೇ ಬೇರೆ ಲ್ಯಾಬ್‌ಗೆ ಕೊಟ್ಟು ಓದಿಸಿದೆವು. ಅವರೂ ಎರಡೂ ಇದೆ ಅಂದರು, ಕೆಳಗೆ ಡಾಕ್ಟರ ಹೆಸರು, ಸಹಿ ಎಲ್ಲ ಇತ್ತು.

ಸೆಕೆಂಡ್ ಒಪಿನಿಯನ್ ಬೇಕಾದರೆ ಸ್ಲೈಡ್ ಓದಿಸಿ. ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಮೊದಲೇ ಕೇಳಿ, ಗೌಪ್ಯತೆ ಅಂದರೆ ಒಂದು ಪೈಸೆನೂ ಕೊಡಬೇಡಿ. ಇಂಥವರ ಮಾತು ಕೇಳಿ ನಡೀತಿರೋ ಇಂಜೆಕ್ಷನ್ ಮಾತ್ರ ನಿಲ್ಲಿಸಬೇಡಿ.